ಪ್ಯಾಂಟಿನ ನಮೂನೆಯಿಂದ ಬೇಸಿಗೆಯ ಚಡ್ಡಿ

ಯುಗಾದಿ ಕಳೆದು ಮೈಸೂರಿನಲ್ಲಿ ಬಿಸಿಲು ಬಲಿಯುವ ಹೊತ್ತಿಗೆ, ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರಿಗೆ ಒಂದು ಯೋಚನೆ ಸಹಜವಾಗಿ ಬರುತ್ತದೆ. ಮೈಗೆ ಸರಿಯಾಗಿ ಕೂರುವ ಪ್ಯಾಂಟಿನ ನಮೂನೆ, ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ಮಾದರಿ, ಕೈಯಲ್ಲಿದೆ, ಮಂಡಿಯ ಮೇಲೊಂದು ಅಡ್ಡಗೆರೆ ಎಳೆದು ಕತ್ತರಿಸಿಬಿಟ್ಟರೆ ಚಡ್ಡಿಯಾಯಿತಲ್ಲ ಎಂಬ ಯೋಚನೆ ಅದು. ನಾನೂ ಮೊದಲ ಸಲ ಹಾಗೆಯೇ ಮಾಡಿದೆ. ಹೊಲಿದು ಮುಗಿಸಿ ತೊಟ್ಟು ನೋಡಿದಾಗ ತೊಡೆಯ ಸುತ್ತ ಬಿಗಿಯಾಗಿತ್ತು. ಕಾಲಿನ ಒಳಬದಿಯಲ್ಲಿ ಕೆಳಅಂಚು ಗೋಪುರದಂತೆ ಮೇಲಕ್ಕೆ ಎದ್ದುಕೊಂಡಿತ್ತು. ಅಂಚಿನ ಮಡಿಕೆಗೆ ಬಟ್ಟೆ ಸಾಲದೆ ಸುತ್ತಲೂ ಸುಕ್ಕು ಬಿದ್ದಿತ್ತು. ಈ ಮೂರು ದೋಷಗಳಿಗೂ ಕಾರಣ ಒಂದೇ. ಪ್ಯಾಂಟಿನ ಕಾಲು ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತಾ ಮಂಡಿಯನ್ನೂ ಪಾದವನ್ನೂ ಗುರಿಯಾಗಿಟ್ಟುಕೊಂಡು ಇಳಿಯುತ್ತದೆ. ಚಡ್ಡಿಯಾದರೋ ತೊಡೆ ಇನ್ನೂ ದಪ್ಪವಾಗಿರುವ ಜಾಗದಲ್ಲಿಯೇ ನಿಂತುಹೋಗುತ್ತದೆ. ಆದ್ದರಿಂದ ನಮೂನೆಯ ಉದ್ದವನ್ನು ಕಡಿಮೆ ಮಾಡುವುದಕ್ಕಿಂತ, ಉಳಿದ ಭಾಗದ ಆಕಾರವನ್ನು ತಿದ್ದುವುದೇ ಇಲ್ಲಿ ನಿಜವಾದ ಕೆಲಸ.

ಎಷ್ಟು ಸಡಿಲ ಬೇಕೆಂಬುದಕ್ಕೆ ನಮ್ಮ ಸೀಮೆಯಲ್ಲಿ ಒಳ್ಳೆಯ ಮಾದರಿಯೊಂದು ಕಣ್ಣೆದುರಿಗೇ ಇದೆ. ಮಂಡ್ಯದ ಕಡೆಯ ಗದ್ದೆಬಯಲಿನಲ್ಲಿ ಹಿರಿಯರು ಪಂಚೆಯ ಒಳಗೆ ತೊಡುವ, ಕೆಸರಿಗೆ ಇಳಿಯುವಾಗ ಪಂಚೆ ಬಿಚ್ಚಿಟ್ಟು ಅದೊಂದರಲ್ಲಿಯೇ ಕೆಲಸ ಮಾಡುವ ಪಟ್ಟಾಪಟ್ಟಿ ಚಡ್ಡಿಯನ್ನು ಗಮನಿಸಿ ನೋಡಿ. ಅದರ ಕಾಲು ಅಗಲ, ಸೊಂಟಕ್ಕೆ ಲಾಡಿ, ಬಟ್ಟೆ ತೆಳುವಾದ ಹತ್ತಿ. ಕೂತರೂ ಎದ್ದರೂ ಬದು ದಾಟಿದರೂ ಎಲ್ಲಿಯೂ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಬರ್ಮುಡಾ ಎಂದೋ ಶಾರ್ಟ್ಸ್ ಎಂದೋ ಮಾರುವ ಉಡುಪಿಗೂ ಬೇಸಿಗೆಯಲ್ಲಿ ಬೇಕಾದ ಗುಣಗಳು ಇವೇ. ನಾವು ಮಾಡಲಿರುವುದು ಪ್ಯಾಂಟಿನ ಅಚ್ಚುಕಟ್ಟಾದ ಕೂರುವಿಕೆಯನ್ನೂ ಪಟ್ಟಾಪಟ್ಟಿಯ ಗಾಳಿಯಾಟವನ್ನೂ ಒಂದೇ ನಮೂನೆಗೆ ತರುವ ಪ್ರಯತ್ನ.

ಮೂಲ ನಮೂನೆಯನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ಅದರ ಮುಂಭಾಗ ಮತ್ತು ಹಿಂಭಾಗಗಳನ್ನು ಬ್ರೌನ್ ಶೀಟಿನ ಮೇಲೆ ಪ್ರತಿ ತೆಗೆದುಕೊಳ್ಳಬೇಕು. ಹಳೆಯ ದಿನಪತ್ರಿಕೆಯನ್ನು ಬಳಸುವವರಿದ್ದಾರೆ. ಆದರೆ ಅದರ ಮಸಿ ಬಿಳಿ ಅಥವಾ ತಿಳಿಬಣ್ಣದ ಬಟ್ಟೆಗೆ ಹತ್ತುತ್ತದೆ, ಒದ್ದೆಗೈಯಲ್ಲಿ ಮುಟ್ಟಿದರಂತೂ ಖಂಡಿತ ಹತ್ತುತ್ತದೆ. ಸಿದ್ಧ ನಮೂನೆ ಇಲ್ಲದವರು, ಚೆನ್ನಾಗಿ ಕೂರುತ್ತಿದ್ದು ಈಗ ಮಂಡಿಯ ಬಳಿ ಹರಿದಿರುವ ಹಳೆಯ ಪ್ಯಾಂಟೊಂದನ್ನು ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿ, ಕಾಗದದ ಮೇಲೆ ಹರಡಿ ಗೆರೆ ಎಳೆದುಕೊಳ್ಳಬಹುದು. ಪ್ರತಿಯ ಮೇಲೆ ಮೊದಲು ಇರಬೇಕಾದದ್ದು ಹೊಲಿಗೆಯ ಗೆರೆ ಮಾತ್ರ. ದರ್ಜಿಗಳು ಮಾರ್ಜಿನ್ ಎನ್ನುವ, ಹೊಲಿಗೆಯಾಚೆ ಬಿಡುವ ಬಟ್ಟೆ ನಿಮ್ಮ ನಮೂನೆಯಲ್ಲಿ ಸೇರಿದ್ದರೆ ಅದನ್ನು ಕಳೆದು ಗೆರೆ ಹಾಕಿಕೊಳ್ಳಬೇಕು. ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಕೊನೆಗೆ ಅದನ್ನು ಸೇರಿಸಿದರೆ ಸಾಕು. ಮಾರ್ಜಿನ್ ಸೇರಿದ ಗೆರೆಯ ಮೇಲೆಯೇ ತಿದ್ದಲು ಹೊರಟವರು ಅರ್ಧ ಇಂಚನ್ನು ಎರಡು ಸಲ ಲೆಕ್ಕ ಹಿಡಿಯುವುದು ಮಾಮೂಲು.

ಪ್ರತಿಯ ಮೇಲೆ ಎರಡು ಗೆರೆಗಳು ಸ್ಪಷ್ಟವಾಗಿ ಇರಬೇಕು. ಒಂದು, ಪ್ಯಾಂಟಿನ ಮಡಿಕೆ ಬೀಳುವಲ್ಲಿ ಉದ್ದಕ್ಕೆ ಸಾಗುವ ನೇರಗೆರೆ. ಬಟ್ಟೆಯ ಹಾಸಿನ ನೂಲು, ಅಂದರೆ ಬಟ್ಟೆಯ ಉದ್ದಕ್ಕೆ ಸಾಗುವ ಎಳೆ, ಈ ಗೆರೆಗೆ ಸಮಾನಾಂತರವಾಗಿ ಬರಬೇಕು. ಇನ್ನೊಂದು, ಎರಡು ಕಾಲುಗಳು ಕೂಡುವ ಜಾಗದಲ್ಲಿ ನೇರಗೆರೆಗೆ ಅಡ್ಡವಾಗಿ, ಸಮಕೋನದಲ್ಲಿ ಎಳೆದ ಗೆರೆ. ಈ ಜಾಗವನ್ನು ಕ್ರಾಚ್ ಎನ್ನುವ ರೂಢಿಯೂ ಇದೆ. ನಾನು ಇಲ್ಲಿ ಕವಲು ಎಂದು ಕರೆಯುತ್ತೇನೆ. ನಮೂನೆಯ ತುಂಡುಗಳಲ್ಲಿ ಹೆಚ್ಚು ಅಗಲವಿದ್ದು ಕವಲಿನ ಕೊಕ್ಕೆ (ಕವಲಿನ ಬಳಿ ಹೊರಚಾಚಿದ ಮೊನೆ) ಉದ್ದವಾಗಿರುವುದು ಹಿಂಭಾಗ ಎಂಬುದನ್ನು ಬರೆದಿಟ್ಟುಕೊಂಡರೆ ಮುಂದೆ ಗೊಂದಲವಾಗುವುದಿಲ್ಲ.

ಅಳತೆಗಳಲ್ಲಿ ಸೊಂಟ ಮತ್ತು ಸೀಟು (ಪೃಷ್ಠದ ಸುತ್ತಳತೆ) ನಮೂನೆಯಲ್ಲಿ ಆಗಲೇ ಇರುತ್ತವೆ. ಹೊಸದಾಗಿ ಬೇಕಾಗುವುದು ಒಳಕಾಲಿನ ಉದ್ದ, ತೊಡೆಯ ಸುತ್ತಳತೆ ಮತ್ತು ಚಡ್ಡಿಯ ಅಂಚು ಬರುವ ಜಾಗದಲ್ಲಿ ಕಾಲಿನ ಸುತ್ತಳತೆ. ಒಳಕಾಲಿನ ಉದ್ದವನ್ನು ನಿಂತುಕೊಂಡು ಮಾತ್ರ ಅಳೆದರೆ ಮೋಸಹೋಗುತ್ತೇವೆ, ಏಕೆಂದರೆ ಕುರ್ಚಿಯ ಮೇಲೆ ಕುಳಿತಾಗ ಅಂಚು ಇಂಚು, ಒಂದೂವರೆ ಇಂಚಿನಷ್ಟು ಮೇಲಕ್ಕೆ ಸರಿಯುತ್ತದೆ ಮತ್ತು ತೊಡೆ ಅಗಲವಾಗಿ ಹರಡಿಕೊಳ್ಳುತ್ತದೆ. ಆದ್ದರಿಂದ ಈ ಮೂರನ್ನೂ ಕುಳಿತೂ ಒಮ್ಮೆ ಅಳೆದು ದೊಡ್ಡ ಅಳತೆಯನ್ನು ಇಟ್ಟುಕೊಳ್ಳಬೇಕು. ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವ ಅಭ್ಯಾಸವಿದ್ದವರು ಹಾಗೆ ಕುಳಿತೇ ಅಳೆದುಕೊಳ್ಳುವುದು ಇನ್ನೂ ಒಳ್ಳೆಯದು.

ಒಂದು ಉದಾಹರಣೆಯನ್ನು ಹಿಡಿದು ಮುಂದುವರಿಯೋಣ. ಸೊಂಟ 34 ಇಂಚು, ಸೀಟು 38 ಇಂಚು, ಬೆಲ್ಟು (ಸೊಂಟದ ಪಟ್ಟಿ) ಸೇರಿ ಪಕ್ಕದ ಉದ್ದ 40 ಇಂಚು, ಒಳಕಾಲು 30 ಇಂಚು ಇರುವ ಪ್ಯಾಂಟಿನ ನಮೂನೆ ನಮ್ಮ ಮುಂದಿದೆ ಎಂದುಕೊಳ್ಳಿ. ಅಂದರೆ ಕವಲಿನ ಗೆರೆಯಿಂದ ಮೇಲೆ 10 ಇಂಚು ಇದೆ. ಒಳಕಾಲು 8 ಇಂಚು ಸಾಕು ಎಂದು ತೀರ್ಮಾನಿಸಿದರೆ ಚಡ್ಡಿಯ ಪಕ್ಕದ ಉದ್ದ 18 ಇಂಚು ಆಗುತ್ತದೆ. ಕವಲಿನ ಗೆರೆಯಿಂದ 8 ಇಂಚು ಕೆಳಗೆ, ಅದಕ್ಕೆ ಸಮಾನಾಂತರವಾಗಿ ಎರಡೂ ತುಂಡುಗಳ ಮೇಲೆ ಗೆರೆ ಎಳೆಯಬೇಕು. ಈ ಗೆರೆಯ ಮೇಲೆ ಮುಂಭಾಗ ಹಿಂಭಾಗಗಳ ಅಗಲವನ್ನು ಕೂಡಿಸಿದರೆ 21½ ಇಂಚು ಬಂದಿದೆ ಎನ್ನಿ. ಆ ಜಾಗದಲ್ಲಿ ಕಾಲಿನ ಸುತ್ತಳತೆ ಕುಳಿತಾಗ 20 ಇಂಚು ಇದ್ದರೆ ಉಳಿಯುವ ಸಡಿಲ ಒಂದೂವರೆ ಇಂಚು ಮಾತ್ರ. ಕಚೇರಿಯ ಪ್ಯಾಂಟಿಗೆ ಅದು ಸಾಕು, ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಸಾಲದು. ಬೇಸಿಗೆಯ ಚಡ್ಡಿಗೆ ಕನಿಷ್ಠ 4 ಇಂಚು ಸಡಿಲವಿರಲಿ ಎಂಬುದು ನನ್ನ ಅಭಿಪ್ರಾಯ. ಆ ಲೆಕ್ಕದಲ್ಲಿ ಅಂಚಿನ ಸುತ್ತಳತೆ 24 ಇಂಚು ಆಗಬೇಕು, ಎಂದರೆ ಇನ್ನೂ ಎರಡೂವರೆ ಇಂಚು ಸೇರಬೇಕು.

ಈ ಎರಡೂವರೆ ಇಂಚನ್ನು ಪಕ್ಕದ ಹೊಲಿಗೆಗೆ ಒಂದೇ ಕಡೆ ಸೇರಿಸಿದರೆ ಚಡ್ಡಿ ಹೊರಬದಿಯಲ್ಲಿ ಲಂಗದಂತೆ ಅರಳುತ್ತದೆ, ಒಳಬದಿಯ ಬಿಗಿ ಮಾತ್ರ ಇದ್ದಂತೆಯೇ ಇರುತ್ತದೆ. ನಾಲ್ಕು ಅಂಚುಗಳಿಗೂ ಹಂಚಬೇಕು, ಒಳಬದಿಗೆ ಸ್ವಲ್ಪ ಹೆಚ್ಚು ಕೊಡಬೇಕು. ಮುಂಭಾಗ ಹಿಂಭಾಗ ಎರಡರ ಒಳಹೊಲಿಗೆಗೂ ಮುಕ್ಕಾಲು ಮುಕ್ಕಾಲು ಇಂಚು, ಎರಡರ ಪಕ್ಕದ ಹೊಲಿಗೆಗೂ ಅರ್ಧರ್ಧ ಇಂಚು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಕೆಳಗೆ ಗುರುತು ಹಾಕಿದ ಬಿಂದುವಿನಿಂದ ಒಳಬದಿಯಲ್ಲಿ ಕವಲಿನ ತುದಿಗೂ, ಹೊರಬದಿಯಲ್ಲಿ ಸೀಟಿನ ಅತ್ಯಂತ ಅಗಲವಾದ ಜಾಗಕ್ಕೂ ಹೊಸ ಗೆರೆ ಎಳೆಯಬೇಕು. ಪ್ಯಾಂಟಿನಲ್ಲಿ ಒಳಕ್ಕೆ ಬಾಗಿ ಇಳಿಯುತ್ತಿದ್ದ ಒಳಹೊಲಿಗೆ ಈಗ ಹೆಚ್ಚುಕಡಿಮೆ ನೇರವಾಗಿ ಇಳಿಯುವುದು ಕಾಣಿಸುತ್ತದೆ. ಕವಲನ್ನೇ ಕೆಳಕ್ಕೆ ಇಳಿಸಿದರೆ ಹೆಚ್ಚು ಸಡಿಲ ಸಿಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆಗುವುದು ಅದಕ್ಕೆ ವಿರುದ್ಧ: ಕವಲು ಕೆಳಗಿಳಿದಷ್ಟೂ ಕಾಲು ಎತ್ತುವಾಗ ಇಡೀ ಚಡ್ಡಿ ಜೊತೆಗೆ ಎಳೆದುಕೊಂಡು ಬರುತ್ತದೆ. ತೀರ ಅಗತ್ಯವೆನಿಸಿದರೆ ಅರ್ಧ ಇಂಚು ಇಳಿಸಬಹುದು, ಅದಕ್ಕಿಂತ ಹೆಚ್ಚು ಬೇಡ.

ಇನ್ನು ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಜಾಗಕ್ಕೆ ಬರೋಣ. ಒಳಹೊಲಿಗೆಯೂ ಕೆಳಅಂಚೂ ಸೇರುವ ಆ ಸಣ್ಣ ಮೂಲೆಯಲ್ಲಿಯೇ ಚಡ್ಡಿ ಕೆಡುವುದು. ಒಳಹೊಲಿಗೆ ಎಷ್ಟೇ ನೇರವಾದರೂ ಮೇಲಕ್ಕೆ ಹೋದಂತೆ ಅದು ಕೊಂಚವಾದರೂ ಹೊರಕ್ಕೆ ಓರೆಯಾಗಿರುತ್ತದೆ. ಹಿಂಭಾಗದಲ್ಲಿ ಈ ಓರೆ ಇನ್ನೂ ಹೆಚ್ಚು. ಹೀಗಿರುವಾಗ ಅಂಚನ್ನು ಅಡ್ಡಗೆರೆಗೆ ಸರಿಯಾಗಿ ಕತ್ತರಿಸಿದರೆ ಮೂಲೆಯ ಕೋನ ಸಮಕೋನಕ್ಕಿಂತ ದೊಡ್ಡದಾಗಿ ಉಳಿಯುತ್ತದೆ, ಅಂತಹ ಎರಡು ಮೂಲೆಗಳನ್ನು ಸೇರಿಸಿ ಹೊಲಿದಾಗ ಹೊಲಿಗೆಯ ತುದಿ ಮೇಲೆ ನಿಂತು ಅಂಚು ಎರಡೂ ಕಡೆಗೆ ಇಳಿಜಾರಾಗುತ್ತದೆ. ನನ್ನ ಮೊದಲ ಚಡ್ಡಿಯ ಗೋಪುರ ಎದ್ದದ್ದು ಹೀಗೆ. ಉದ್ದ ಪ್ಯಾಂಟಿನಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಪಾದದ ಬಳಿ ಬರುವಷ್ಟರಲ್ಲಿ ಒಳಹೊಲಿಗೆ ಬಹುಮಟ್ಟಿಗೆ ನೆಟ್ಟಗಾಗಿರುತ್ತದೆ.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವೂ ಇದೆ. ಬಹಳಷ್ಟು ಪ್ಯಾಂಟಿನ ನಮೂನೆಗಳಲ್ಲಿ ಹಿಂಭಾಗದ ಕವಲಿನ ತುದಿ ಮುಂಭಾಗದ ತುದಿಗಿಂತ ಕಾಲು ಇಂಚೋ ಅರ್ಧ ಇಂಚೋ ಕೆಳಗಿರುತ್ತದೆ. ಪ್ಯಾಂಟು ಹೊಲಿಯುವಾಗ ಹಿಂಭಾಗದ ಬಟ್ಟೆಯನ್ನು ತೊಡೆಯ ಬಳಿ ತುಸು ಎಳೆದು ಅಥವಾ ಇಸ್ತ್ರಿಯಿಂದ ಹಿಗ್ಗಿಸಿ ಮುಂಭಾಗಕ್ಕೆ ಸರಿದೂಗಿಸುತ್ತಾರೆ. ಎಂಟು ಇಂಚಿನ ಚಡ್ಡಿಯಲ್ಲಿ ಅಷ್ಟು ಹಿಗ್ಗಿಸಲು ಜಾಗವೇ ಇಲ್ಲ. ಹಾಗಾಗಿ ಉದ್ದದ ವ್ಯತ್ಯಾಸವನ್ನು ಕೆಳಗಡೆ ತುಂಬಿಕೊಡಬೇಕು. ಹಿಂಭಾಗದ ಒಳಹೊಲಿಗೆಯನ್ನು ಕವಲಿನ ತುದಿಯಿಂದ ಅಳೆದು, ಮುಂಭಾಗದಷ್ಟೇ, ಅಂದರೆ ಸರಿಯಾಗಿ 8 ಇಂಚು ಇರುವಲ್ಲಿ ಗುರುತು ಮಾಡಿ. ಆ ಗುರುತು ಮೊದಲು ಎಳೆದ ಅಡ್ಡಗೆರೆಗಿಂತ ಕಾಲು ಅಥವಾ ಅರ್ಧ ಇಂಚು ಕೆಳಗೆ ಬೀಳುತ್ತದೆ. ಅಲ್ಲಿಂದ ಆರಂಭಿಸಿ, ಹಿಂಭಾಗದ ಅಗಲದ ನಡುವಿನ ಹೊತ್ತಿಗೆ ಹಳೆಯ ಅಡ್ಡಗೆರೆಯನ್ನು ಸೇರಿಕೊಳ್ಳುವಂತೆ ಮೆಲ್ಲನೆ ಬಾಗಿದ ಗೆರೆ ಎಳೆಯಬೇಕು. ಹೀಗೆ ಮಾಡಿದಾಗ ಹಿಂಭಾಗದ ಅಂಚು ಒಳಬದಿಯಲ್ಲಿ ಸ್ವಲ್ಪ ಜೋತುಬಿದ್ದಂತೆ ಕಾಗದದ ಮೇಲೆ ವಿಚಿತ್ರವಾಗಿ ಕಾಣುತ್ತದೆ. ಕಾಣಲಿ, ಮೈಮೇಲೆ ಅದು ಸಮವಾಗಿ ನಿಲ್ಲುತ್ತದೆ.

ಇದನ್ನು ಪರೀಕ್ಷಿಸಲು ಬಟ್ಟೆ ಕತ್ತರಿಸುವವರೆಗೆ ಕಾಯಬೇಕಾಗಿಲ್ಲ. ಕಾಗದದ ಮುಂಭಾಗ ಹಿಂಭಾಗಗಳನ್ನು ಒಳಹೊಲಿಗೆಯ ಗೆರೆಯಲ್ಲಿ ಒಂದಕ್ಕೊಂದು ತಾಗಿಸಿ, ಅಂಟುಪಟ್ಟಿ ಹಚ್ಚಿ, ಕೆಳಅಂಚನ್ನು ನೋಡಿ. ಗೆರೆ ಮುಂಭಾಗದಿಂದ ಹಿಂಭಾಗಕ್ಕೆ ಎಲ್ಲಿಯೂ ಮುರಿಯದೆ ಹರಿದರೆ ಸರಿ. ಸೇರುವಲ್ಲಿ ಇನ್ನೂ ಗೋಪುರ ಕಂಡರೆ ಎರಡೂ ಕಡೆ ಒಂದೊಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಕೆಳಗಿಳಿಸಿ ಪೆನ್ಸಿಲಿನಿಂದ ಮತ್ತೆ ಬಾಗಿಸಿ. ಆ ಬಳಿಕ ಕವಲಿನ ಮೇಲ್ಭಾಗವನ್ನೂ ಒಮ್ಮೆ ನೋಡಿಕೊಳ್ಳಿ. ಎರಡು ಕೊಕ್ಕೆಗಳು ಸೇರುವಲ್ಲಿ ಮೂಲೆ ಏಳದೆ ದೋಣಿಯ ತಳದಂತೆ ದುಂಡಗಿರಬೇಕು. ಇದೇ ರೀತಿ ಪಕ್ಕದ ಹೊಲಿಗೆಯಲ್ಲಿಯೂ ತಾಗಿಸಿ ನೋಡಬೇಕಾದರೂ ಅಲ್ಲಿ ಸಾಮಾನ್ಯವಾಗಿ ತಿದ್ದುವಂಥದ್ದೇನೂ ಇರುವುದಿಲ್ಲ.

ಅಂಚಿನ ಮಡಿಕೆಗೆ ಬೇಕಾದ ಬಟ್ಟೆಯನ್ನು ಕೆಳಕ್ಕೆ ಸುಮ್ಮನೆ ಉದ್ದಮಾಡಿದರೆ ಮತ್ತೆ ಹಳೆಯ ಸುಕ್ಕಿನ ಕಥೆಯೇ. ಕಾಲು ಕಿಂಚಿತ್ತಾದರೂ ಕಿರಿದಾಗುತ್ತಾ ಬಂದಿದ್ದರೆ ಮಡಿಕೆಯ ಭಾಗ ಅಂಚಿನಿಂದ ಕೆಳಗೆ ಮತ್ತೆ ಅಗಲವಾಗಬೇಕು, ಕನ್ನಡಿಯಲ್ಲಿ ಕಂಡ ಹಾಗೆ. ಅಂಚಿನ ಗೆರೆಯ ಕೆಳಗೆ ಒಂದೂವರೆ ಇಂಚು ಕಾಗದ ಬಿಟ್ಟು, ಆ ಕಾಗದವನ್ನು ಗೆರೆಯಲ್ಲಿ ಮೇಲಕ್ಕೆ ಮಡಚಿ, ಮಡಚಿದ ಸ್ಥಿತಿಯಲ್ಲಿಯೇ ಒಳಬದಿ ಹೊರಬದಿಗಳನ್ನು ಕತ್ತರಿಸಿದರೆ ಆ ಆಕಾರ ತಾನಾಗಿಯೇ ಬರುತ್ತದೆ. ಹಿಂಭಾಗದ ಅಂಚು ಹೆಚ್ಚು ಬಾಗಿದ್ದರೆ ಮಡಿಕೆಯನ್ನು ಒಂದು ಇಂಚಿಗೆ ಇಳಿಸುವುದು ಒಳ್ಳೆಯದು, ಏಕೆಂದರೆ ಬಾಗಿದ ಅಂಚಿಗೆ ಅಗಲವಾದ ಮಡಿಕೆ ಎಂದಿಗೂ ಚಪ್ಪಟೆಯಾಗಿ ಕೂರುವುದಿಲ್ಲ.

ಸೊಂಟಕ್ಕೆ ಜಿಪ್ಪು ಮತ್ತು ಬೆಲ್ಟನ್ನು ಹಾಗೆಯೇ ಉಳಿಸಿಕೊಳ್ಳುವವರು ಇಲ್ಲಿಂದ ನೇರವಾಗಿ ಜೇಬಿನ ಮಾತಿಗೆ ಹೋಗಬಹುದು. ಮನೆಯಲ್ಲಿ ತೊಡುವುದಕ್ಕೆ ಎಲಾಸ್ಟಿಕ್ಕೂ ಲಾಡಿಯೂ ಇರುವ ಸೊಂಟವೇ ನನಗೆ ಇಷ್ಟ. ಅದಕ್ಕಾಗಿ ಮುಂಭಾಗದ ಜಿಪ್ಪಿನ ಪಟ್ಟಿಯನ್ನು ನಮೂನೆಯಿಂದ ತೆಗೆದು, ಸೊಂಟದ ಬಳಿ ಬಟ್ಟೆ ಮಡಚಿ ಹಿಡಿಯುವ ಡಾರ್ಟು ಪ್ಲೀಟುಗಳನ್ನು ಕೈಬಿಟ್ಟು, ಸೀಟಿನ ಅಗಲವಾದ ಜಾಗದಿಂದ ಪಕ್ಕದ ಗೆರೆಯನ್ನು ನೆಟ್ಟಗೆ ಮೇಲಕ್ಕೆ ಎಳೆಯಬೇಕು. ಜಿಪ್ಪಿಲ್ಲದ ಚಡ್ಡಿ ಸೀಟನ್ನು ದಾಟಿಯೇ ಸೊಂಟಕ್ಕೆ ಏರಬೇಕಾದ್ದರಿಂದ ಮೇಲ್ಬಾಯಿಯ ಸುತ್ತಳತೆ ಸೀಟಿಗಿಂತ ಕನಿಷ್ಠ 2 ಇಂಚು ಹೆಚ್ಚಿರಬೇಕು, ಎಂದರೆ ನಮ್ಮ ಉದಾಹರಣೆಯಲ್ಲಿ 40 ಇಂಚು. ಸೊಂಟಕ್ಕೂ ಸೀಟಿಗೂ ಅಂತರ ಹೆಚ್ಚಿರುವ ಹೆಂಗಸರ ನಮೂನೆಗಳಲ್ಲಿ ಇದನ್ನು ತಪ್ಪದೆ ಅಳೆದು ನೋಡಬೇಕು. ಹಿಂಭಾಗದ ನಡುಗೆರೆಯ ಓರೆಯನ್ನು ಮಾತ್ರ ಪೂರ್ತಿ ನೆಟ್ಟಗೆ ಮಾಡಬಾರದು. ಬಗ್ಗಿದಾಗ ಸೀಟಿನ ಮೇಲೆ ಬಟ್ಟೆ ಒದಗುವುದು ಆ ಓರೆಯಿಂದಲೇ.

ಇಲ್ಲಿ ನಾನು ಮಾಡಿದ ಇನ್ನೊಂದು ತಪ್ಪನ್ನು ಹೇಳಿಬಿಡುತ್ತೇನೆ. ಪ್ಯಾಂಟಿನ ನಮೂನೆಯ ಮೇಲಂಚು ಸೊಂಟದವರೆಗೆ ಬರುವುದಿಲ್ಲ, ಬೆಲ್ಟಿನ ಕೆಳಅಂಚಿಗೆ ನಿಂತಿರುತ್ತದೆ. ಒಂದೂವರೆ ಇಂಚಿನ ಬೆಲ್ಟು ಬೇರೆ ತುಂಡಾಗಿ ಆಮೇಲೆ ಸೇರುತ್ತದೆ. ನಾನು ಬೆಲ್ಟನ್ನು ಬಿಟ್ಟು, ಇದ್ದ ಮೇಲಂಚಿಗೆ ಎಲಾಸ್ಟಿಕ್ಕಿನ ಮಡಿಕೆಯನ್ನಷ್ಟೇ ಕೊಟ್ಟೆ. ತೊಟ್ಟು ಕುಳಿತರೆ ಹಿಂದೆ ಸೊಂಟವೆಲ್ಲ ಬಯಲು. ಮೊದಲು ಒಂದೂವರೆ ಇಂಚು ಮೇಲಕ್ಕೆ ಏರಿಸಿ, ಅದರ ಮೇಲೆ ಮಡಿಕೆಗೆಂದು ಇನ್ನೂ ಒಂದೂಮುಕ್ಕಾಲು ಇಂಚು ಕೊಡಬೇಕು. ಒಂದು ಇಂಚಿನ ಎಲಾಸ್ಟಿಕ್ಕಿಗೆ ಒಂದೂಕಾಲು ಇಂಚಿನ ಕೊಳವೆಯೂ, ಒಳಕ್ಕೆ ಮಡಚಲು ಅರ್ಧ ಇಂಚೂ ಅದರಲ್ಲಿ ಸೇರಿವೆ. ಎಲಾಸ್ಟಿಕ್ಕನ್ನು ಸೊಂಟದ ಅಳತೆಗಿಂತ 3 ಇಂಚು ಕಡಿಮೆ ಹಿಡಿದು, ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿಯಲು ಒಂದು ಇಂಚು ಸೇರಿಸಿದರೆ 34 ಇಂಚಿನ ಸೊಂಟಕ್ಕೆ 32 ಇಂಚಿನ ತುಂಡು ಬೇಕಾಗುತ್ತದೆ.

ಜೇಬಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ಯಾಂಟಿನ ಜೇಬನ್ನೇ ಬಳಸಬಹುದು, ಚೀಲದ ತಳ ಮಾತ್ರ ಅಂಚಿನ ಹೊಲಿಗೆಗಿಂತ 2 ಇಂಚಾದರೂ ಮೇಲಿರಬೇಕು. ಮಕ್ಕಳ ಚಡ್ಡಿಯಲ್ಲಿ ಇದನ್ನು ಮರೆತರೆ ಬಿಳಿಯ ಜೇಬಿನ ಮೂಲೆ ಹೊರಗೆ ಇಣುಕುತ್ತದೆ. ಮೊಬೈಲು ಇಟ್ಟುಕೊಳ್ಳುವವರಿಗೆ ಎಲಾಸ್ಟಿಕ್ಕಿನ ಜೊತೆಗೆ ಲಾಡಿಯೂ ಬೇಕೇ ಬೇಕು.

ಬಟ್ಟೆ ತೆಳುವಾದರೂ ಮೈ ಕಾಣದಷ್ಟು ನೇಯ್ಗೆ ಒತ್ತಾಗಿರಬೇಕು. ಪಾಪ್ಲಿನ್, ಲಿನನ್, ಖಾದಿ ಎಲ್ಲವೂ ಹೊಂದುತ್ತವೆ; ಪಾಲಿಯೆಸ್ಟರ್ ಬೆರೆತ ಪ್ಯಾಂಟಿನ ಬಟ್ಟೆ ಇಸ್ತ್ರಿಯ ಕೆಲಸ ಉಳಿಸುತ್ತದೆ ಎಂಬುದನ್ನು ಬಿಟ್ಟರೆ ಬೇಸಿಗೆಗೆ ಸಲ್ಲದು. ಖಾದಿ ಬೇಕೆನ್ನುವವರಿಗೆ ನಂಜನಗೂಡು ತಾಲ್ಲೂಕಿನ ಬದನವಾಳು, ಕೈಮಗ್ಗದ ಬಟ್ಟೆಗೆ ಮಂಡ್ಯ ಜಿಲ್ಲೆಯ ಮೇಲುಕೋಟೆ ಹಳೆಯ ಹೆಸರುಗಳು. ಮೈಸೂರಿನ ಶಿವರಾಂಪೇಟೆ, ಸಂತೇಪೇಟೆಗಳ ಸುತ್ತಮುತ್ತಲಾಗಲಿ ಮಂಡ್ಯದ ಪೇಟೆ ಬೀದಿಯಲ್ಲಾಗಲಿ ಕಟ್‌ಪೀಸುಗಳನ್ನು ಹುಡುಕಿದರೆ ಚಡ್ಡಿಗೆ ಸಾಲುವಷ್ಟು ಬಟ್ಟೆ ಅಗ್ಗಕ್ಕೇ ಸಿಗಬಹುದು. 58 ಇಂಚು ಪನ್ನದ ಬಟ್ಟೆಯಾದರೆ ಈ ಅಳತೆಗೆ ಒಂದು ಮೀಟರು ಸಾಕು, ಏಕೆಂದರೆ ಮಡಚಿ ಹಾಸಿದಾಗ ಮುಂಭಾಗ ಹಿಂಭಾಗಗಳೆರಡೂ ಅಕ್ಕಪಕ್ಕದಲ್ಲಿ ಕೂರುತ್ತವೆ. 36 ಅಥವಾ 44 ಇಂಚಿನ ಪನ್ನವಾದರೆ ಒಂದರ ಕೆಳಗೊಂದು ಇಡಬೇಕಾಗಿ ಒಂದೂವರೆ ಮೀಟರು ಹಿಡಿಯುತ್ತದೆ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಮೀಟರಿಗೆ ಒಂದೆರಡು ಇಂಚು ಸೇದಿಕೊಳ್ಳುವುದುಂಟು, ಖಾದಿಯಾದರೆ ಇನ್ನೂ ತುಸು ಹೆಚ್ಚೇ. ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಅರೆಹಸಿಯಿರುವಾಗಲೇ ಇಸ್ತ್ರಿ ಹಾಕಿದ ನಂತರವೇ ಕತ್ತರಿ ಹಿಡಿಯಬೇಕು.

ನಮೂನೆಯ ನೇರಗೆರೆಯಿಂದ ಬಟ್ಟೆಯ ಅಂಚಿಗೆ ಇರುವ ದೂರವನ್ನು ಗೆರೆಯ ಮೇಲೂ ಕೆಳಗೂ ಅಳೆದು ಎರಡೂ ಸಮವಿದ್ದರೆ ನೂಲು ನೆಟ್ಟಗಿದೆ ಎಂದರ್ಥ. ಪಟ್ಟೆಯ ಬಟ್ಟೆಯಲ್ಲಿ ಇದು ತಪ್ಪಿದರೆ ದೂರದಿಂದಲೇ ಗೊತ್ತಾಗುತ್ತದೆ. ಸುತ್ತ ಅರ್ಧ ಇಂಚು, ಹಿಂಭಾಗದ ನಡುಗೆರೆಗೆ ಒಂದು ಇಂಚು ಮಾರ್ಜಿನ್ ಸೇರಿಸಿ ಕತ್ತರಿಸಿ. ಮುಂದೆ ಮೈ ಬಂದರೆ ಬಿಚ್ಚಿ ಹಿಗ್ಗಿಸಲು ಹಿಂಭಾಗದ ಆ ಒಂದು ಇಂಚು ಒದಗುತ್ತದೆ. ಅಂಚಿನ ಮಡಿಕೆಗೂ ಸೊಂಟದ ಕೊಳವೆಗೂ ಆಗಲೇ ಬಟ್ಟೆ ಸೇರಿರುವುದರಿಂದ ಅಲ್ಲಿ ಮತ್ತೆ ಕೊಡಬೇಕಾಗಿಲ್ಲ.

ಪಾಪ್ಲಿನ್, ಖಾದಿಗಳಿಗೆ 14ನೇ ನಂಬರಿನ ಸೂಜಿ ಸರಿಹೋಗುತ್ತದೆ. ಮೊದಲು ಜೇಬು, ನಂತರ ಪಕ್ಕದ ಹೊಲಿಗೆ, ನಂತರ ಒಳಹೊಲಿಗೆ. ಹೀಗೆ ಎರಡು ಕಾಲುಗಳೂ ಬೇರೆ ಬೇರೆ ಕೊಳವೆಗಳಾಗಿ ಸಿದ್ಧವಾಗಲಿ. ಒಂದು ಕಾಲನ್ನು ಸರಿಮೈಗೆ ತಿರುಗಿಸಿ, ಇನ್ನೂ ಒಳಮೈ ಹೊರಗಿರುವ ಮತ್ತೊಂದು ಕಾಲಿನೊಳಗೆ ತೂರಿಸಿ, ಒಳಹೊಲಿಗೆಗಳನ್ನು ಒಂದಕ್ಕೊಂದು ಕೂಡಿಸಿ ಗುಂಡುಸೂಜಿ ಚುಚ್ಚಿ, ಮುಂದಿನ ಸೊಂಟದಿಂದ ಹಿಂದಿನ ಸೊಂಟದವರೆಗೆ ಕವಲನ್ನು ಒಂದೇ ಓಟದಲ್ಲಿ ಹೊಲಿಯಬೇಕು. ಎಲ್ಲಕ್ಕಿಂತ ಹೆಚ್ಚು ಎಳೆತ ಬೀಳುವುದು ಈ ಹೊಲಿಗೆಗೇ ಆದ್ದರಿಂದ ಅದೇ ಗೆರೆಯ ಮೇಲೆ ಇನ್ನೊಮ್ಮೆ ಹೊಲಿಗೆ ಹಾಕಿ. ಕತ್ತರಿಸಿದ ಅಂಚಿನ ಎಳೆ ಬಿಡದಂತೆ ಹೊಲಿಯುವ ಓವರ್‌ಲಾಕ್ ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಆ ಕೆಲಸವನ್ನು ಬೀದಿಯ ಟೈಲರ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು. ಸೊಂಟದ ಕೊಳವೆಯನ್ನು ಮಡಚುವ ಮೊದಲೇ ಲಾಡಿಗಾಗಿ ಮುಂಭಾಗದ ನಡುವಿನ ಎರಡೂ ಬದಿಗೆ ಒಂದೊಂದು ಕಾಜಾ ಮಾಡಿಕೊಳ್ಳಬೇಕು. ಕೊಳವೆ ಹೊಲಿದಾದ ಮೇಲೆ ನೆನಪಾದರೆ ಎರಡು ಪದರ ಬಟ್ಟೆಯ ನಡುವೆ ಒದ್ದಾಡಬೇಕಾಗುತ್ತದೆ.

ಅಂಚನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳಿ. ಸೊಂಟದ ಕೆಲಸವೆಲ್ಲ ಮುಗಿದ ಮೇಲೆ ಚಡ್ಡಿಯನ್ನು ತೊಟ್ಟು, ನಿಂತು, ಕುಳಿತು, ನಾಲ್ಕು ಮೆಟ್ಟಿಲು ಹತ್ತಿ ಇಳಿದು, ಬೇರೊಬ್ಬರಿಂದ ಸುತ್ತಲೂ ಚಾಕಿನ ಗುರುತು ಹಾಕಿಸಿಕೊಳ್ಳಿ. ಗುರುತು ನಿಮ್ಮ ಕಾಗದದ ಗೆರೆಗೆ ಹೊಂದದಿದ್ದರೆ ಮೈಮೇಲಿನ ಗುರುತನ್ನೇ ನಂಬಿ, ಅದರಂತೆ ಮಡಚಿ ಹೊಲಿದು, ಆ ವ್ಯತ್ಯಾಸವನ್ನು ನಮೂನೆಯ ಮೇಲೆ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಡಿ. ತಿದ್ದಿದ ತಾರೀಖು, ಬಟ್ಟೆಯ ಹೆಸರು, ಎಲಾಸ್ಟಿಕ್ಕಿನ ಉದ್ದ ಇವಿಷ್ಟನ್ನೂ ಅದರ ಮೂಲೆಯಲ್ಲಿ ಬರೆದು, ತೂತು ಮಾಡಿ, ಪ್ಯಾಂಟಿನ ನಮೂನೆಯ ಪಕ್ಕದಲ್ಲಿಯೇ ಮೊಳೆಗೆ ತೂಗುಹಾಕಿ.